ಅರ್ಧ ನೂಲಿನ ಲೆಕ್ಕ: ಸೈಕಲ್ಲಿಗೆ ಯಾವ ಚೈನು ತರಬೇಕು?

ಪ್ರಶ್ನೆ: ನಾನಿರುವುದು ಹುಬ್ಬಳ್ಳಿಯಲ್ಲಿ. ಕೆಲಸಕ್ಕೆ ಹೋಗಿ ಬರುವುದು ಸೇರಿ ದಿನಕ್ಕೆ 14 ಕಿ.ಮೀ. ಸೈಕಲ್ ತುಳಿಯುತ್ತೇನೆ. ಮುಂದೆ ಮೂರು, ಹಿಂದೆ ಏಳು ಗೇರಿನ ಸೈಕಲ್ಲು. ತಗೊಂಡು ಇಪ್ಪತ್ತು ತಿಂಗಳಾಯಿತು. ಈಗ ಉಣಕಲ್ ಹತ್ತಿರ ಏರಿನಲ್ಲಿ ಒತ್ತಿ ತುಳಿದರೆ ಚೈನು ‘ಟಕ್’ ಅಂತ ಜಾರುತ್ತದೆ. ಅಂಗಡಿಯವರು ಚೈನು, ಫ್ರೀವೀಲು (ಹಿಂದಿನ ಹಲ್ಲುಚಕ್ರಗಳು), ಚೈನ್‌ವೀಲು (ಪೆಡಲಿನ ಹತ್ತಿರದ ಹಲ್ಲುಚಕ್ರಗಳು) ಮೂರೂ ಹೋಗಿದೆ, 3,200 ರೂಪಾಯಿ ಆಗುತ್ತದೆ ಅಂದರು. ಆನ್‌ಲೈನಿನಲ್ಲಿ 180 ರೂಪಾಯಿಯ ಚೈನೂ ಇದೆ, 4,000 ರೂಪಾಯಿಯದೂ ಇದೆ. ಕಡಿಮೆ ದುಡ್ಡಿಗೆ ಒಳ್ಳೆ ಚೈನು ಯಾವುದು? ಅಪ್ಪನ ಹಳೆಯ ಕರಿ ಸೈಕಲ್ಲಿಗೂ ಒಂದು ಬೇಕು. ಎರಡಕ್ಕೂ ಒಂದೇ ಥರದ್ದು ತಂದರೆ ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆಗುವುದಿಲ್ಲ. ಅಪ್ಪನ ಸೈಕಲ್ಲಿನ ಚೈನೇ ಬೇರೆ, ನಿಮ್ಮದೇ ಬೇರೆ. ಯಾಕೆ ಅಂತ ಆಮೇಲೆ ಬರುತ್ತೇನೆ. ಸದ್ಯಕ್ಕೆ ಆ 3,200 ರೂಪಾಯಿ ಜೇಬಿನಲ್ಲೇ ಇರಲಿ. ಮನೆಯಲ್ಲಿ ಸ್ಟೀಲ್ ಟೇಪು ಇದೆಯಾ ನೋಡಿ. ಟೈಲರ್ ಟೇಪು ಬೇಡ, ಎಳೆದರೆ ಅದೇ ಉದ್ದ ಆಗುತ್ತದೆ. ಮಕ್ಕಳ ಸ್ಕೇಲೂ ಬೇಡ, ಅದು ಹನ್ನೆರಡು ಇಂಚಿಗೆ ಮುಗಿದುಹೋಗುತ್ತದೆ. ನಮಗೆ ಬೇಕಿರುವುದು ಹನ್ನೆರಡು ಇಂಚಿನ ಆಚೆ ಏನಾಗಿದೆ ಅನ್ನುವುದು.

ಟೇಪು ಹುಡುಕುವಷ್ಟರಲ್ಲಿ ಒಂದು ಸಣ್ಣ ಲೆಕ್ಕ. ದಿನಕ್ಕೆ 14 ಕಿ.ಮೀ., ತಿಂಗಳಿಗೆ 25 ದಿನ, ಇಪ್ಪತ್ತು ತಿಂಗಳು. ಒಟ್ಟು 7,000 ಕಿ.ಮೀ. ಆಯಿತು. ನಮ್ಮ ಧೂಳು, ನಮ್ಮ ಮಳೆಯಲ್ಲಿ ಗೇರ್ ಸೈಕಲ್ಲಿನ ಸಾಧಾರಣ ಚೈನು 3,000 ಕಿ.ಮೀ. ಬಂದರೆ ನಾನು ಖುಷಿಪಡುತ್ತೇನೆ. ಚೆನ್ನಾಗಿ ನೋಡಿಕೊಂಡವರದ್ದು ಇನ್ನೂ ಸ್ವಲ್ಪ ಜಾಸ್ತಿ ಬರಬಹುದು. ಅಂದರೆ ನಿಮ್ಮ ಚೈನು ಎರಡು ಚೈನುಗಳ ಕೆಲಸ ಮಾಡಿದೆ. ಚೈನು ಹೋಗಿದೆ ಅಂತ ಅಂಗಡಿಯವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅದು ಹೋಗುವಾಗ ಜೊತೆಯಲ್ಲಿ ಯಾರನ್ನೆಲ್ಲ ಕರೆದುಕೊಂಡು ಹೋಗಿದೆ ಅನ್ನುವುದಷ್ಟೇ ಈಗ ಗೊತ್ತಾಗಬೇಕು.

ಈಗ ಅಳೆಯೋಣ. ಸೈಕಲ್ಲು ಸ್ಟ್ಯಾಂಡಿನ ಮೇಲಿರಲಿ. ಹಿಂದಿನ ಬ್ರೇಕು ಹಿಡಿದು ಪೆಡಲನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ಮೇಲಿನ ಚೈನು ಬಿಗಿಯಾಗಿ ನಿಲ್ಲುತ್ತದೆ. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು. ಟೇಪಿನ ತುದಿಯ ಕೊಕ್ಕೆ ಯಾವಾಗಲೂ ಸ್ವಲ್ಪ ಆಡುತ್ತಿರುತ್ತದೆ, ಅದನ್ನು ನಂಬಬೇಡಿ. ಒಂದನೇ ಇಂಚಿನ ಗೆರೆಯನ್ನು ಯಾವುದಾದರೂ ಒಂದು ಪಿನ್ನಿನ ನಡುಮಧ್ಯಕ್ಕೆ ಇಡಿ. ಅಲ್ಲಿಂದ 24 ಕೊಂಡಿ ಎಣಿಸಿ. ಒಂದೊಂದು ಕೊಂಡಿ ಅರ್ಧ ಇಂಚು. ಹಾಗಾಗಿ ಹೊಸ ಚೈನಿನಲ್ಲಿ ಇಪ್ಪತ್ನಾಲ್ಕನೇ ಕೊಂಡಿಯ ಪಿನ್ನು ಸರಿಯಾಗಿ ಹದಿಮೂರನೇ ಇಂಚಿನ ಗೆರೆಯ ಮೇಲೆ ಕೂರುತ್ತದೆ. ಸವೆದ ಚೈನಿನಲ್ಲಿ ಗೆರೆ ದಾಟಿರುತ್ತದೆ.

ಎಷ್ಟು ದಾಟಿದೆ ಅನ್ನುವುದರಲ್ಲಿ ಎಲ್ಲ ಇದೆ. ಬಡಗಿಗಳು, ಗಾರೆಯವರು ‘ನೂಲು’ ಅನ್ನುತ್ತಾರಲ್ಲ, ಇಂಚಿನ ಎಂಟನೇ ಒಂದು ಪಾಲು, ಅದೇ ನಮಗೂ ಅಳತೆ. ಅರ್ಧ ನೂಲು ದಾಟಿದ್ದರೆ, ಅಂದರೆ ಒಂದೂವರೆ ಮಿಲಿಮೀಟರು ಚಿಲ್ಲರೆ, ಚೈನು ಅರ್ಧ ಪರ್ಸೆಂಟು ಉದ್ದವಾಗಿದೆ. ಹೊಸ ಚೈನು ತಂದಿಟ್ಟುಕೊಳ್ಳಿ. ಅರ್ಧ ನೂಲಿಗೂ ಒಂದು ನೂಲಿಗೂ ನಡುವೆ ಬಂದಾಗ ಬದಲಾಯಿಸಿಬಿಡಿ. ಒಂದು ನೂಲು ಪೂರ್ತಿ ದಾಟಿದ್ದರೆ ಚೈನಿನ ಜೊತೆ ಫ್ರೀವೀಲೂ ಸವೆದಿರುತ್ತದೆ. ನಿಮ್ಮದು ಒಂದು ನೂಲು ದಾಟಿದೆ ಅಂತ ನೋಡದೆಯೇ ಬಾಜಿ ಕಟ್ಟುತ್ತೇನೆ.

ಚೈನು ಉದ್ದ ಆಗುವುದು ಅಂದರೆ ರಬ್ಬರಿನ ಹಾಗೆ ಎಳೆದುಕೊಳ್ಳುವುದಲ್ಲ. 112 ಕೊಂಡಿಯ ಚೈನಿನಲ್ಲಿ ಪಟ್ಟಿ, ಪಿನ್ನು, ಉರುಳೆ ಎಲ್ಲ ಸೇರಿ 448 ಬಿಡಿಭಾಗ ಇರುತ್ತವೆ. ಚೈನು ಹಲ್ಲಿನ ಮೇಲೆ ಬಾಗುವಾಗಲೆಲ್ಲ ಪ್ರತಿ ಪಿನ್ನೂ ಒಳಪಟ್ಟಿಯೊಳಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಅಲ್ಲಿಗೆ ಎಣ್ಣೆ ಜೊತೆ ಧೂಳು ಸೇರಿದರೆ ಅದು ಅರೆಯುವ ಹಿಟ್ಟಿನ ಹಾಗೆ ಕೆಲಸ ಮಾಡುತ್ತದೆ. ಒಂದೊಂದು ಪಿನ್ನಿನಲ್ಲಿ ಸವೆಯುವುದು ಮಿಲಿಮೀಟರಿನ ಹತ್ತನೇ ಒಂದು ಪಾಲು ಅಷ್ಟೆ. ಆದರೆ 112 ಪಿನ್ನಿನದ್ದು ಸೇರಿದಾಗ ಚೈನು ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬೆಳೆದಿರುತ್ತದೆ. ಫ್ರೀವೀಲಿನ ಹಲ್ಲುಗಳ ಅಂತರ ಮಾತ್ರ ಮೊದಲಿನಷ್ಟೇ. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಏರುತ್ತದೆ. ಎಲ್ಲ ಹಲ್ಲಿಗೂ ಹಂಚಿಹೋಗಬೇಕಾದ ಭಾರ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ. ಹಲ್ಲು ನಿಧಾನಕ್ಕೆ ಕೊಕ್ಕೆಯ ಹಾಗೆ ಬಾಗುತ್ತದೆ. ಅಂಥ ಫ್ರೀವೀಲಿಗೆ ಹೊಸ ಚೈನು ಹಾಕಿದರೆ ಎರಡಕ್ಕೂ ಅಳತೆ ಕೂಡಿಬರುವುದಿಲ್ಲ. ‘ಹೊಸ ಚೈನು ಹಾಕಿದ ಮೇಲೆ ಇನ್ನೂ ಜಾಸ್ತಿ ಜಾರುತ್ತದೆ’ ಅಂತ ಜನ ಅಂಗಡಿಗೆ ವಾಪಸು ಬರುವುದು ಇದಕ್ಕೇ.

ಅಂಗಡಿಯವರು ಮೂರನ್ನೂ ಬದಲಾಯಿಸಿ ಅನ್ನುವುದಕ್ಕೂ ಇದೇ ಕಾರಣ. ಅದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಬರೀ ಚೈನು ಹಾಕಿಕೊಟ್ಟು, ಗಿರಾಕಿ ಮರುದಿನ ಬಂದು ಜಗಳ ತೆಗೆಯುವುದು ಅವರಿಗೂ ಬೇಡ. ಆದರೆ ದುಡ್ಡು ನಿಮ್ಮದು ಅಲ್ವಾ, ಹಾಗಾಗಿ ಒಂದೊಂದಾಗಿ ಪರೀಕ್ಷೆ ಮಾಡಿ.

ಏರಿನಲ್ಲಿ ಜಾರುವಾಗ ಹಿಂದಿನ ಯಾವ ಹಲ್ಲುಚಕ್ರದಲ್ಲಿ ಜಾರುತ್ತದೆ ನೋಡಿಕೊಳ್ಳಿ. ಕೆಲಸಕ್ಕೆ ಹೋಗುವ ಹೆಚ್ಚಿನವರು ಮುಂದಿನ ನಡು ಗೇರು, ಹಿಂದೆ ನಾಲ್ಕೋ ಐದೋ ಹಾಕಿಕೊಂಡು ವರ್ಷ ಕಳೆಯುತ್ತಾರೆ. ಆ ಒಂದೆರಡು ಚಕ್ರ ಮಾತ್ರ ಸವೆದಿರುತ್ತವೆ. ಅಪರೂಪಕ್ಕೆ ಬಳಸುವ ಚಕ್ರದಲ್ಲಿ ಜಾರದೆ, ದಿನಾ ಬಳಸುವುದರಲ್ಲಿ ಜಾರಿದರೆ ಫ್ರೀವೀಲು ಹೋಗಿದೆ ಅಂತ ಲೆಕ್ಕ. ಎಲ್ಲ ಚಕ್ರದಲ್ಲೂ, ಸುಮಾರು ಮೂರು ಸುತ್ತು ಪೆಡಲಿಗೊಮ್ಮೆ ತಾಳ ಹಾಕಿದ ಹಾಗೆ ಟಕ್ ಅಂದರೆ ಅದು ಸವೆತ ಅಲ್ಲ. ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ. ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ ನೋಡಿ. ಹಿಂದೆ ಗೇರು ಬದಲಿಸುವ ಭಾಗದಲ್ಲಿರುವ ಪುಟ್ಟ ಚಕ್ರಗಳನ್ನು ಹಾಯುವಾಗ ಆ ಕೊಂಡಿ ಎಗರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡಕ್ಕೆ ಸ್ವಲ್ಪ ಬಾಗಿಸಿದರೆ ಸಡಿಲವಾಗುತ್ತದೆ. ಪುಕ್ಕಟೆ ರಿಪೇರಿ.

ಇನ್ನು ಚೈನ್‌ವೀಲು. ನಿಮ್ಮ ಥರದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರೂ ಚಕ್ರಗಳನ್ನು ಪೆಡಲ್ ಕೂರುವ ತೋಳಿಗೇ, ಅಂದರೆ ಕ್ರ್ಯಾಂಕಿಗೇ, ರಿವೆಟ್ ಹೊಡೆದಿರುತ್ತಾರೆ. ಒಂದು ಹೋದರೆ ಇಡೀ ಸೆಟ್ಟೇ ಬದಲಾಗಬೇಕು. ಬಿಲ್ಲು ಏರುವುದು ಅಲ್ಲಿಯೇ. ಆದರೆ ಅದರಲ್ಲಿ ಹಲ್ಲು ಜಾಸ್ತಿ, ಒಂದೊಂದು ಹಲ್ಲಿನ ಮೇಲೆ ಬೀಳುವ ಭಾರ ಕಡಿಮೆ. ಮೂರು ಚೈನು ಸವೆಯುವಷ್ಟು ದಿನ ಅದು ಆರಾಮಾಗಿ ಬರುತ್ತದೆ. ಕೆಲವು ಹಲ್ಲು ಮೋಟಾಗಿವೆ ಅಂತ ತೋರಿಸಿದರೆ ಗಾಬರಿಯಾಗಬೇಡಿ. ಗೇರು ಸಲೀಸಾಗಿ ಬದಲಾಗಲಿ ಅಂತ ಹೊಸದರಲ್ಲೇ ಹಾಗೆ ಕತ್ತರಿಸಿರುತ್ತಾರೆ. ಎಲ್ಲ ಹಲ್ಲೂ ಒಂದೇ ಕಡೆಗೆ ಬಾಗಿ, ಅಲೆಯ ತುದಿಯ ಹಾಗೆ ಚೂಪಾಗಿದ್ದರೆ ಮಾತ್ರ ಅದು ಸವೆತ. ನನ್ನ ಅಂದಾಜಿನಲ್ಲಿ ನಿಮಗೆ ಚೈನು ಮತ್ತು ಫ್ರೀವೀಲು ಎರಡೇ ಬೇಕಾಗುತ್ತದೆ. ಮೊದಲು ಚೈನು ಮಾತ್ರ ಹಾಕಿಸಿ, ಒಂದು ಏರು ತುಳಿದು ನೋಡಿ, ಜಾರಿದರೆ ಫ್ರೀವೀಲು ಹಾಕಿಸಿ. ಶಿಮಾನೊ ಕಂಪನಿಯ ಏಳು ಗೇರಿನ ಫ್ರೀವೀಲು ಸುಲಭವಾಗಿ ಸಿಗುತ್ತದೆ. ಹಳೆಯದರ ದೊಡ್ಡ ಚಕ್ರದ ಹಲ್ಲು ಎಣಿಸಿ, ಅಷ್ಟೇ ಹಲ್ಲಿನದ್ದು ಕೇಳಿ. ಕೂಲಿ ಸೇರಿ ಎಲ್ಲ ಎರಡು ಸಾವಿರದೊಳಗೆ ಮುಗಿಯಬೇಕು.

ಇನ್ನು ಯಾವ ಚೈನು? ಅಂಗಡಿಯಲ್ಲಿ ‘ಇಪ್ಪತ್ತೊಂದು ಗೇರಿನ ಚೈನು ಕೊಡಿ’ ಅನ್ನಬೇಡಿ. ಮುಂದಿನ ಮೂರಕ್ಕೂ ಚೈನಿಗೂ ಸಂಬಂಧ ಇಲ್ಲ. ಹಿಂದೆ ಎಷ್ಟು ಚಕ್ರ ಇವೆ ಅನ್ನುವುದೇ ಲೆಕ್ಕ. ಹಿಂದೆ ಚಕ್ರ ಜಾಸ್ತಿಯಾದಷ್ಟೂ ಅವುಗಳ ನಡುವಿನ ಸಂದು ಕಿರಿದಾಗುತ್ತದೆ, ಚೈನು ತೆಳ್ಳಗಾಗಬೇಕಾಗುತ್ತದೆ. ಆರು, ಏಳು, ಎಂಟು ಗೇರಿಗೆ ಒಂದೇ ಅಗಲದ ಚೈನು ನಡೆಯುತ್ತದೆ, ಹೊರಗಿನ ಅಗಲ ಸುಮಾರು 7 ಮಿ.ಮೀ. ಹತ್ತು ಗೇರಿಗೆ ಅದು 6ಕ್ಕಿಂತ ಸ್ವಲ್ಪ ಕಡಿಮೆ. ಹನ್ನೆರಡಕ್ಕೆ ಐದೂ ಚಿಲ್ಲರೆ. ನೀವು ಆನ್‌ಲೈನಿನಲ್ಲಿ ನೋಡಿದ ನಾಲ್ಕು ಸಾವಿರದ್ದು ಬಹುಶಃ ಆ ಹನ್ನೊಂದು, ಹನ್ನೆರಡು ಗೇರಿನದ್ದು. ದುಬಾರಿ ಅಂದ ಮಾತ್ರಕ್ಕೆ ನಿಮಗೆ ಒಳ್ಳೆಯದಲ್ಲ. ಅದರ ಒಳಗಿನ ಅಗಲವೂ ಕಿರಿದು. ನಿಮ್ಮ ಚೈನ್‌ವೀಲಿನ ದಪ್ಪ ಹಲ್ಲಿನ ಮೇಲೆ ಸರಿಯಾಗಿ ಕೂರದೇ ಹೋಗಬಹುದು. ಹಗುರವಾಗಲಿ ಅಂತ ಪಿನ್ನುಗಳನ್ನು ಟೊಳ್ಳು ಮಾಡಿರುತ್ತಾರೆ, ಪಟ್ಟಿಗಳಲ್ಲಿ ತೂತು ಕೊರೆದಿರುತ್ತಾರೆ. ರೇಸಿನಲ್ಲಿ ಓಡಿಸುವವರಿಗೆ ಅದು ಬೇಕು. ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋಗುವ ನಮಗೆ ಐವತ್ತು ಗ್ರಾಂ ಉಳಿದರೆಷ್ಟು, ಬಿಟ್ಟರೆಷ್ಟು?

ಹೆಸರು ಹೇಳಲೇಬೇಕು ಅಂದರೆ, ಕೆಎಂಸಿ ಕಂಪನಿಯ ಝಡ್8.3, ಅಥವಾ ಶಿಮಾನೊದ ಎಚ್‌ಜಿ40. ಎಸ್‌ಆರ್‌ಎಎಂ ಕಂಪನಿಯ ಪಿಸಿ-830 ಸಿಕ್ಕರೂ ಸರಿ. ಮೂರೂ ಆರು-ಏಳು-ಎಂಟು ಗೇರಿನವು, ಮೂರೂ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ನನ್ನ ಮನೆಯ ಸೈಕಲ್ಲಿಗೆ ಹಾಕಿರುವುದು ಕೆಎಂಸಿ. ಅದರ ಜೊತೆ ಬರುವ, ಚೈನಿನ ಎರಡು ತುದಿಗಳನ್ನು ಜೋಡಿಸಲು ಕೈಯಲ್ಲೇ ಹಾಕುವ ಲಿಂಕು ನನಗೆ ಇಷ್ಟ. ಅದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಬಾಳಿಕೆಯಲ್ಲಿ ಈ ಮೂರರ ನಡುವೆ ಇರುವ ವ್ಯತ್ಯಾಸಕ್ಕಿಂತ, ವಾರಕ್ಕೊಮ್ಮೆ ಒರೆಸುವವರಿಗೂ ಒರೆಸದವರಿಗೂ ಇರುವ ವ್ಯತ್ಯಾಸ ಜಾಸ್ತಿ. ಇನ್ನೂರು ಮುನ್ನೂರು ಹೆಚ್ಚು ಕೊಟ್ಟರೆ ತುಕ್ಕು ತಡೆಯುವ ಲೇಪ ಇರುವ ಚೈನು ಬರುತ್ತದೆ. ಕೆಎಂಸಿಯಲ್ಲಿ ಅದಕ್ಕೆ ಇಪಿಟಿ ಅಂತ ಬರೆದಿರುತ್ತಾರೆ. ಮಂಗಳೂರು, ಉಡುಪಿ, ಕಾರವಾರದವರು ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಳ್ಳಲಿ. ಉಪ್ಪು ಗಾಳಿಗೆ ಮಾಮೂಲಿ ಚೈನು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ಹುಬ್ಬಳ್ಳಿಯಲ್ಲಿ ಅಷ್ಟೊಂದು ಬೇಕಾಗಿಲ್ಲ. ನಿಮ್ಮ ಕಡೆಯ ಶತ್ರು ಎರೆಮಣ್ಣು. ಒಣಗಿದಾಗ ಹಿಟ್ಟು, ನೆನೆದಾಗ ಅಂಟು.

180 ರೂಪಾಯಿಯದ್ದು ಬೇಡ. ಅದು ಹೆಚ್ಚಾಗಿ ಗೇರಿಲ್ಲದ ಸೈಕಲ್ಲಿನ ಚೈನು. ಅಗಲ ಜಾಸ್ತಿ, ಪಿನ್ನಿನ ತಲೆ ಹೊರಗೆ ಚಾಚಿರುತ್ತದೆ, ಪಕ್ಕದ ಚಕ್ರಕ್ಕೆ ಕರಕರ ಉಜ್ಜುತ್ತದೆ.

ಅದಕ್ಕಿಂತ ಅಪಾಯದ್ದು ಮುನ್ನೂರು ರೂಪಾಯಿಗೆ ಸಿಗುವ ‘ಬ್ರಾಂಡೆಡ್’ ಚೈನು. ನಾನೂ ಒಮ್ಮೆ ಮೋಸಹೋಗಿದ್ದೇನೆ. ಡಬ್ಬಿ ಥೇಟ್ ಅಸಲಿಯ ಹಾಗೆಯೇ ಇತ್ತು, ಬೆಲೆ ಅರ್ಧ. ಮೂರು ವಾರವೂ ಬರಲಿಲ್ಲ. ಒಂದು ಏರಿನಲ್ಲಿ ಎದ್ದು ನಿಂತು ತುಳಿಯುತ್ತಿದ್ದಾಗ ಹೊರಪಟ್ಟಿ ಪಿನ್ನಿನಿಂದ ಕಳಚಿಕೊಂಡಿತು. ಪೆಡಲ್ ಗಾಳಿಯಲ್ಲಿ ತಿರುಗಿ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಆರು ಕಿ.ಮೀ. ತಳ್ಳಿಕೊಂಡು ಮನೆಗೆ ಬಂದೆ. ಬಂದವನೇ ಅದನ್ನು ಒಂದು ಹಳೇ ಅಸಲಿ ಚೈನಿನ ಪಕ್ಕ ಇಟ್ಟು ನೋಡಿದೆ. ಅಸಲಿಯಲ್ಲಿ ಪ್ರತಿ ಪಿನ್ನಿನ ತಲೆಯೂ ಒಂದೇ ಸಮನಾಗಿ, ಪುಟ್ಟ ಅಣಬೆಯ ಹಾಗೆ ಅಗಲವಾಗಿತ್ತು. ನಕಲಿಯಲ್ಲಿ ಕೆಲವಕ್ಕೆ ತಲೆಯೇ ಇರಲಿಲ್ಲ, ಸುಮ್ನೆ ತೂತಿಗೆ ತುರುಕಿದ್ದರು.

ಅಂದಿನಿಂದ ಡಬ್ಬಿ ತೆರೆಸಿ ನೋಡದೆ ಚೈನು ತಗೊಳ್ಳುವುದಿಲ್ಲ. ಕಂಪನಿಯ ಹೆಸರು ಪಟ್ಟಿಗಳ ಮೇಲೆ ಒತ್ತಿ ಅಚ್ಚಾಗಿರಬೇಕು, ಉಗುರಿನಲ್ಲಿ ಕೆರೆದರೆ ಹೋಗಬಾರದು. ಒಂದು ಗೇಣು ಚೈನನ್ನು ಅಡ್ಡಲಾಗಿ, ಪಟ್ಟಿ ಮೇಲೆ ಬರುವ ಹಾಗೆ ಹಿಡಿಯಿರಿ. ಹೊಸ ಚೈನು ಸ್ವಲ್ಪ ಬಾಗಬಹುದು, ಬಟ್ಟೆಯ ಹಾಗೆ ಜೋಲುಬೀಳಬಾರದು. ಉರುಳೆಗಳನ್ನು ಬೆರಳಿನಿಂದ ತಿರುಗಿಸಿ, ಎಲ್ಲವೂ ಸಲೀಸಾಗಿ ತಿರುಗಬೇಕು. ಬಂಗಾರದ ಬಣ್ಣಕ್ಕೆ ಮಾರುಹೋಗಬೇಡಿ. ಆನ್‌ಲೈನಿನಲ್ಲಿ ತರಿಸುವುದಾದರೆ ಬೆಲೆಗಿಂತ ಮೊದಲು ಮಾರುವವರು ಯಾರು ಅಂತ ನೋಡಿ.

ಹಾಕುವಾಗ ಜನ ಒಂದು ತಪ್ಪು ಮಾಡುತ್ತಾರೆ. ಹಳೆಯ ಚೈನು, ಹೊಸ ಚೈನು ಎರಡನ್ನೂ ಮೊಳೆಗೆ ನೇತುಹಾಕಿ, ಉದ್ದ ಸಮ ಮಾಡಿ ಕತ್ತರಿಸುತ್ತಾರೆ. ಹಳೆಯದು ಈಗಾಗಲೇ ಒಂದು ಕೊಂಡಿಯಷ್ಟು ಬೆಳೆದಿರುತ್ತದೆ, ಮರೆಯಬೇಡಿ. ಕೊಂಡಿಗಳನ್ನು ಎಣಿಸಿ. ಹಳೆಯದರಲ್ಲಿ ಎಷ್ಟಿತ್ತೋ ಹೊಸದರಲ್ಲೂ ಅಷ್ಟೇ. ಗೇರ್ ಚೈನು ಹೆಚ್ಚಾಗಿ 116 ಕೊಂಡಿಯದ್ದು ಬರುತ್ತದೆ, ನಿಮ್ಮದಕ್ಕೆ ಕೆಲವನ್ನು ತೆಗೆಯಬೇಕಾಗಬಹುದು. ಚೈನ್ ಕಟರ್ ಒಂದು ಇದ್ದರೆ ಮನೆಯಲ್ಲೇ ಆಗುವ ಕೆಲಸ. ಲಿಂಕು ಜೋಡಿಸಿದ ಮೇಲೆ ಅದನ್ನು ಮೇಲಿನ ಸಾಲಿಗೆ ತಂದು, ಹಿಂದಿನ ಬ್ರೇಕು ಹಿಡಿದು ಪೆಡಲನ್ನು ಜೋರಾಗಿ ಒತ್ತಿ. ‘ಟಕ್’ ಅಂತ ಕೂರುತ್ತದೆ. ಶಿಮಾನೊ ಚೈನಿನ ಜೊತೆ ಪಿನ್ನು ಬಂದಿದ್ದರೆ ಅದನ್ನೇ ಬಳಸಿ. ಹೊರಗೆ ತೆಗೆದ ಹಳೆಯ ಪಿನ್ನನ್ನು ಮತ್ತೆ ಹೊಡೆದರೆ ಚೈನು ಒಂದು ದಿನ ಅಲ್ಲಿಯೇ ಬಿಟ್ಟುಕೊಳ್ಳುತ್ತದೆ.

ಎಣ್ಣೆಯ ವಿಷಯ. ನಮ್ಮ ಕಡೆ ಓವರ್‌ಹಾಲ್ ಅನ್ನುವುದು ಬಾಯಿಂದ ಬಾಯಿಗೆ ‘ಓವರ್ ಆಯಿಲ್’ ಆಗಿದೆ. ಆ ಹೆಸರಿಗೆ ತಕ್ಕ ಹಾಗೆ ಜನ ಎಣ್ಣೆಯನ್ನೂ ಸುರಿಯುತ್ತಾರೆ. ಎಣ್ಣೆ ಬೇಕಾಗಿರುವುದು ಒಳಗಿನ ಪಿನ್ನಿಗೆ. ಹೊರಗೆ ಹರಿದದ್ದು ಧೂಳು ಹಿಡಿಯುವ ಕೆಲಸ ಮಾತ್ರ ಮಾಡುತ್ತದೆ. ಹೊಸ ಚೈನಿನ ಮೇಲಿರುವ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಒಳಗೆ ಹೋಗಿರುವುದು ಒಳ್ಳೆಯ ಸರಕು. ಹೊರಗಿನದ್ದನ್ನು ಮಾತ್ರ ಬಟ್ಟೆಯಲ್ಲಿ ಒರೆಸಿ. ಆಮೇಲೆ ಎರಡು ವಾರಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಒಂದೊಂದು ಉರುಳೆಗೆ ಒಂದೊಂದು ಹನಿ. ರಾತ್ರಿ ಹಾಕಿ, ಬೆಳಿಗ್ಗೆ ಒಣಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಬಟ್ಟೆ ಕಪ್ಪಾದಷ್ಟೂ ಚೈನಿನ ಆಯಸ್ಸು. ಚೈನಿನದ್ದೇ ಎಣ್ಣೆ ಸಿಕ್ಕರೆ ಒಳ್ಳೆಯದು. ಹೊಲಿಗೆ ಮಷಿನ್ ಎಣ್ಣೆಯೂ ನಡೆಯುತ್ತದೆ, ಬೇಗ ಆರುತ್ತದೆ ಅಷ್ಟೆ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಬಳಸಿದ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ, ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಕೊಬ್ಬರಿ ಎಣ್ಣೆ ತಲೆಗೇ ಇರಲಿ.

ಇನ್ನು ಅಪ್ಪನ ಸೈಕಲ್ಲು. ಅದಕ್ಕೆ ಬೇಕಾಗಿರುವುದು ಒಳಗಿನ ಅಗಲ ಒಂದು ನೂಲು ಇರುವ ಚೈನು. ನಿಮ್ಮದರ ಒಳ ಅಗಲ ಮುಕ್ಕಾಲು ನೂಲು. ಅದಕ್ಕೇ ಒಂದು ಇನ್ನೊಂದಕ್ಕೆ ಆಗುವುದಿಲ್ಲ. ಇಲ್ಲಿ ವಿದೇಶಿ ಹೆಸರಿನ ಹಿಂದೆ ಹೋಗುವ ಅಗತ್ಯವೇ ಇಲ್ಲ. ಬಿಎಸ್‌ಎ, ಹರ್ಕ್ಯುಲಿಸ್ ಸೈಕಲ್ ಮಾಡುವ ಚೆನ್ನೈನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯದೇ ಡೈಮಂಡ್ ಚೈನು ಇದೆ. ಅದು ಸಿಕ್ಕರೆ ತಗೊಳ್ಳಿ. ಆ ಸೈಕಲ್ಲಿಗೆ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರ್ ಇದೆಯಾ? ಇದ್ದರೆ ಅದನ್ನು ಸದ್ದು ಮಾಡುತ್ತದೆ ಅಂತ ಬಿಚ್ಚಿ ಬಿಸಾಡಬೇಡಿ. ಅಜ್ಜಂದಿರ ಕಾಲದ ಚೈನು ಹತ್ತಾರು ವರ್ಷ ಬರುತ್ತಿತ್ತು ಅನ್ನುತ್ತಾರಲ್ಲ, ಅದಕ್ಕೆ ಆಗಿನ ಉಕ್ಕು ಎಷ್ಟು ಕಾರಣವೋ ನಾನು ಕಾಣೆ, ಆ ಕವರ್ ಅಂತೂ ಖಂಡಿತ ಕಾರಣ. ಧೂಳೂ ಇಲ್ಲ, ಮಳೆಯೂ ಇಲ್ಲ, ಹಾಕಿದ ಎಣ್ಣೆ ಹಾಗೇ ಇರುತ್ತಿತ್ತು.

ಗೇರಿಲ್ಲದ ಸೈಕಲ್ಲಿನಲ್ಲಿ ಒಂದು ನೂಲು ಸವೆಯುವವರೆಗೂ ಚಿಂತೆ ಇಲ್ಲ. ಚೈನು ಸಡಿಲವಾದರೆ ಹಿಂದಿನ ಚಕ್ರ ಎಳೆದು ಬಿಗಿ ಮಾಡಬಹುದು. ಕೆಳಗಿನ ಸಾಲನ್ನು ಬೆರಳಿನಲ್ಲಿ ಎತ್ತಿದರೆ ಅರ್ಧ ಇಂಚು ಆಡಬೇಕು. ತಂತಿಯ ಹಾಗೆ ಬಿಗಿದರೆ ತುಳಿಯುವುದು ಭಾರ, ಬಾಲ್ಸು ಬೇಗ ಹೋಗುತ್ತವೆ. ಚೈನು ಜೋಡಿಸುವ ಲಾಕಿನ ಮೇಲೆ ಒಂದು ಪುಟ್ಟ ಸ್ಪ್ರಿಂಗ್ ಕ್ಲಿಪ್ಪು ಇರುತ್ತದೆ, ಒಂದು ತುದಿ ಮುಚ್ಚಿ, ಇನ್ನೊಂದು ತುದಿ ಬಾಯಿ ಬಿಟ್ಟಂತೆ. ಚೈನಿನ ಮೇಲಿನ ಸಾಲಿನಲ್ಲಿ ನೋಡಿದಾಗ ಮುಚ್ಚಿದ ತುದಿ ಮುಂದಕ್ಕೆ, ಪೆಡಲಿನ ಕಡೆಗೆ ಇರಬೇಕು. ತಿರುಗುಮುರುಗು ಹಾಕಿದರೆ ಕವರಿನ ಒಳಗೆ ಎಲ್ಲಿಗಾದರೂ ತಾಗಿ ಕ್ಲಿಪ್ಪು ಕಳಚಿಕೊಳ್ಳುತ್ತದೆ. ಹಾಕಿ ಆದ ಮೇಲೆ, ಕವರ್ ಮುಚ್ಚುವ ಮೊದಲು, ಇನ್ನೊಮ್ಮೆ ಬಗ್ಗಿ ಅದೊಂದನ್ನು ನೋಡಿಬಿಡಿ.